ಹತ್ತಕ್ಕೆ ಏಳು

ಖಾನಾವಳಿಯ ಷಟರು ಅರ್ಧ ಇಳಿಸಿ,
ಹುಣಸೆ ಹಿಪ್ಪೆಯಲ್ಲಿ ಮೂರು ಸಲ ಕೈ ತಿಕ್ಕಿ,
ಆದರೂ ಹೋಗದ ಬಂಗಡೆಯ ವಾಸನೆಯನ್ನು ಸೆರಗಿಗೆ ಒರೆಸಿ
ಟೀವಿ ಹಾಕುತ್ತೇನೆ. ಸಣ್ಣ ದನಿಯಲ್ಲಿ.
ಯಾರಾದರೂ ಕೇಳಿದರೆ
ಸುದ್ದಿ ನೋಡುತ್ತಿದ್ದೆ ಅನ್ನುವುದು,
ಚಂಡಮಾರುತ ಎಲ್ಲಿಯವರೆಗೆ ಬಂತು ಅಂತ.
ಫೆಬ್ರವರಿಯಲ್ಲಿ.

ಬೆಳಗಿನ ಆರರಿಂದ ಒಲೆಯ ಮುಂದೆ ನಿಂತವಳು
ರಾತ್ರಿ ಹನ್ನೊಂದಕ್ಕೆ ಬೇರೆಯವರ ಒಲೆ ನೋಡುತ್ತ ಕೂರುವುದೆಂದರೆ
ಬಸ್ಸಿನ ಡ್ರೈವರು ರಜೆಯ ದಿನ
ಕಾಳಿ ಸೇತುವೆಯ ಮೇಲೆ ನಿಂತು ಬಸ್ಸು ಎಣಿಸಿದ ಹಾಗೆ.
ಗಂಡನಿಗೆ ಗೊತ್ತಾದರೆ ನಗುತ್ತಾನೆ.
ಗೊತ್ತಾಗಿದೆ ಅಂತಲೂ ಅನುಮಾನ.

ಎಂಥಾ ಅಡುಗೆಮನೆ ಮಾರಾಯ್ತಿ ಅದು!
ನೆಲದ ಮೇಲೆ ಒಂದು ಹುರುಪೆ ಇಲ್ಲ.
ಹನ್ನೆರಡು ಜನಕ್ಕೆ ಹನ್ನೆರಡು ಒಲೆ,
ಮಸಿ ಅಂದರೇನೆಂದು ಕೇಳುವಂಥ ಏಪ್ರನ್ನು,
ಮುಕ್ಕಾಲು ಗಂಟೆಗೆ ಒಂದೇ ತಟ್ಟೆ.
ಒಂದು ತಟ್ಟೆ!
ಹುಬ್ಬಳ್ಳಿ ಬಸ್ಸು ಬಂದು ನಿಂತರೆ
ಮುಕ್ಕಾಲು ಗಂಟೆಗೆ ನನ್ನವು ಅರವತ್ತು ಊಟ,
ಅದರಲ್ಲಿ ಇಬ್ಬರಿಗೆ ಮೀನೇ ಬೇಡ,
ಒಬ್ಬನಿಗೆ ಬರೀ ತಲೆ ಬೇಕು.

ಆದರೂ ಅವರ ಗಡಿಯಾರ ಹತ್ತು, ಒಂಬತ್ತು, ಎಂಟು ಅಂದಾಗ
ನನ್ನ ಕಾಲ ಹೆಬ್ಬೆರಳು ತಾನಾಗಿ ನೆಲ ಒತ್ತುತ್ತದೆ.

ಮೊನ್ನೆ ಒಬ್ಬಳು ಹುಡುಗಿ, ಎಲ್ಲಿಯವಳೋ,
ಕರಾವಳಿ ಮೀನು ಅಂತ ಮಾಡಿದಳು.
ಬಾಳೆಲೆ, ಅದರ ಮೇಲೊಂದು ಹೂವು.
ತಿರಫಳವನ್ನು ಬೀಜ ಸಮೇತ ಅರೆದದ್ದು ನಾನು ಕಂಡೆ.
ಬೀಜ ಕಹಿ ಹುಡುಗಿ, ತೆಗೆದು, ಸಿಪ್ಪೆ ಅಷ್ಟೇ ಜಜ್ಜಿ
ಕೊನೆಗೆ ಹಾಕಬೇಕು.
ಹೇಳಲಿಲ್ಲ.
ತೀರ್ಪುಗಾರನ ಮುಖ ಕಿವುಚುವುದನ್ನೇ ಕಾಯುತ್ತ
ಸುಮ್ಮನೆ ಕೂತೆ, ಒಳಗೊಳಗೇ ಹಿಗ್ಗುತ್ತ.
ಹೇಳಿದ್ದರೂ ಕೇಳಿಸುತ್ತಿರಲಿಲ್ಲ, ಸರಿ,
ಪೆಟ್ಟಿಗೆಯೊಳಗಿನವಳು.
ಮನಸಿನಲ್ಲೂ ಹೇಳಲಿಲ್ಲವಲ್ಲ ನಾನು.

ಅವನು ಒಂದು ತುತ್ತು ತಿಂದು ಚಮಚ ಇಟ್ಟ.
ಅವಳ ಕಣ್ಣಕಪ್ಪು ಕೆನ್ನೆಗಿಳಿಯಿತು.
ಉಳಿದ ಮೀನು ಎಲ್ಲಿ ಹೋಯಿತೋ,
ಯಾವತ್ತೂ ತೋರಿಸುವುದಿಲ್ಲ.
ಹುಡುಗಿ ಔಟು.
ನನ್ನಲ್ಲಿ ಔಟು ಅನ್ನುವುದಿಲ್ಲ;
ಒಂದೇ ವಾರದಲ್ಲಿ ಹನ್ನೊಂದು ತಟ್ಟೆ ಒಡೆದ ವಿಠೋಬ
ಹನ್ನೆರಡನೆಯದಕ್ಕೆ ನಾಳೆಯೂ ಬರುತ್ತಾನೆ, ನಗುತ್ತ.

ಒಂದು ಬುಧವಾರ ನನಗೂ ಹುಚ್ಚು.
ನೊಗಲಿಯನ್ನು ಈರುಳ್ಳಿಗೆ ಆನಿಸಿ ನಿಲ್ಲಿಸಿದೆ,
ಅಂಚಿಗೆ ಚಟ್ನಿಯ ಏಳು ಚುಕ್ಕಿ, ದೊಡ್ಡದರಿಂದ ಸಣ್ಣದಕ್ಕೆ.
ಬೈತಖೋಲದ ಬರ್ಫದ ಲಾರಿಯ ಸುಭಾಸ
ಒಂದೊಂದೇ ಚುಕ್ಕಿ ಬೆರಳಲ್ಲಿ ಒರೆಸಿ ನೆಕ್ಕಿ
"ಚಟ್ನಿ ಖಾಲಿಯಾಯ್ತಾ ಅಕ್ಕಾ?" ಅಂದ.
ಪಾಪ, ಮರುಕದಲ್ಲೇ ಕೇಳಿದ.

ಇಪ್ಪತ್ತೆರಡು ವರ್ಷ.
ತೇಗುತ್ತಾರೆ, ಕಡ್ಡಿ ಹಾಕುತ್ತಾರೆ, ಎಷ್ಟಾಯ್ತು ಅನ್ನುತ್ತಾರೆ.
ಸಾರಿಗೆ ಉಪ್ಪು ಮರೆತ ದಿನ ಮಾತ್ರ
ಎಲ್ಲರಿಗೂ ಬಾಯಿ ಬಂದಿತ್ತು.

ಈಗ ಟೀವಿಯಲ್ಲಿ ಜಾಹೀರಾತು.
ಬೋಗುಣಿಯ ತಳಕ್ಕಂಟಿದ ಗಟ್ಟಿ ಸಾರಿಗೆ
ಉಳಿದ ಅನ್ನ ಹಾಕಿ ಸುತ್ತಲೂ ಬಳಿದು ಕಲಸುತ್ತೇನೆ.
ಅವನ ಹಾಗೇ ಕಣ್ಣು ಮುಚ್ಚಿ,
ಎರಡು ಸಲ ಅಗಿದು, ತಡೆದು,
ಎದುರಿಗಿದ್ದವಳಿಗೆ ನಡುಕ ಹುಟ್ಟುವಷ್ಟು ಹೊತ್ತು ತಡೆದು:

ಮಸಾಲೆ ಸರಿಯಾಗಿದೆ.
ಅನ್ನ ತಣ್ಣಗೆ.
ಮೀನು ಎಲ್ಲಿ?

ಮೀನು ಮೂರೂವರೆಗೇ ಮುಗಿಯಿತು ಸಾರ್.

ಹತ್ತಕ್ಕೆ ಏಳು ಕೊಟ್ಟೆ.
ಎಂಟು ಕೊಡಬಹುದಿತ್ತು.

ಒಳಗಿನ ಕತ್ತಲಿಂದ ಗಂಡನ ದನಿ:
"ಎಲ್ಲಿಗೆ ಬಂತೇ ಚಂಡಮಾರುತ?"

"ಗೋವೆ ದಾಟ್ತು," ಅಂದೆ,
ಬಾಯಿ ತುಂಬ ಅನ್ನ.